ಅಮಾವಾಸ್ಯೆಯ ಚಿಲ್ಲಿ ಚಿಕನ್

ನನ್ನ ಅತ್ತೆ ಸಾಬಮ್ಮ ಹಠ ಹಿಡಿದರೆ ದೇವರೇ ಬಂದರೂ ಬಿಡಿಸಲಾರ. ಈ ಸಲ ಮಹಾನವಮಿ ಅಮಾವಾಸ್ಯೆಗೆ ಆಕೆ ಹಿಡಿದ ಹಠ ನನ್ನ ಕೊರಳಿಗೇ ಬಂದಿತ್ತು. ಮನೆಯ ಹಿರಿಯರಿಗೆ ಎಡೆ ಇಡುವಾಗ ನನ್ನ ಗಂಡ ಚಂದ್ರಾಮನಿಗೂ ಒಂದು ಎಡೆ ಇಡಬೇಕಂತೆ.

ಚಂದ್ರಾಮ ಸತ್ತಿದ್ದಾನೆಂದು ಯಾರು ಹೇಳಿದರು? ಹೋದ ವರ್ಷ ಮಳೆಗಾಲದಲ್ಲಿ ಶಹರದ ಬೇಗಂ ಬಜಾರಿಗೆ ಸಾಸ್ ಬಾಟಲಿ ತರಲು ಹೋದವನು ತಿರುಗಿ ಬರಲಿಲ್ಲ, ಅಷ್ಟೇ. ಅವತ್ತು ಊರಿನ ನಾಲೆಗಳೆಲ್ಲ ಉಕ್ಕಿ ರಸ್ತೆಗೆ ಬಂದಿದ್ದವು. ಕೊಚ್ಚಿಕೊಂಡು ಹೋಗಿರಬಹುದು ಎಂದರು ಪೊಲೀಸರು. ಹೆಣ ಸಿಗಲಿಲ್ಲ. 'ಇರಬಹುದು' ಎಂಬ ಮಾತಿಗೆ ತಾಳಿ ತೆಗೆಯುವ ಹೆಣ್ಣು ನಾನಲ್ಲ. ದುಡಿಯಲು ಬಂದು ಸೇರಿದ ಶಂಶಾಬಾದಿನ ಈ ಒಂದು ಕೋಣೆಯ ಮನೆಯಲ್ಲಿ ಅವನ ಅಂಗಿ ಇನ್ನೂ ಮೊಳೆಗೆ ತೂಗುತ್ತಿದೆ. ನಾನು ಕುಂಕುಮ ಇಟ್ಟುಕೊಂಡೇ ಏರ್‌ಪೋರ್ಟಿನಲ್ಲಿ ನೆಲ ಒರೆಸಲು ಹೋಗುತ್ತೇನೆ.

"ಎಡಿ ಇಟ್ಟು ನೋಡೂಣು," ಎಂದಳು ಅತ್ತೆ. "ಕಾಗಿ ಮುಟ್ಟಿದ್ರ ಹೋಗ್ಯಾನ. ಮುಟ್ಟಲಿಲ್ಲಂದ್ರ ಎಲ್ಲೋ ಅದಾನ."

"ಕಾಗಿ ಹಸದ್ರ ಏನು ಬೇಕಾದ್ದು ತಿಂತೈತ್ರಿ. ಯಾರ ಎಡಿ ಅಂತ ಅದಕ್ಕೇನು ಗೊತ್ತು?"

"ಅಮಾಸಿ ದಿನ ಕಾಗಿ ತನ್ನ ಬಾಯಿಲೆ ತಿನ್ನಂಗಿಲ್ಲ, ಗಂಗಾ."

ಅಂದು ಕಾಗೆಯ ಬಾಯಿಂದ ತಿನ್ನುವವರು ಸತ್ತವರೇ ಎಂಬುದು ಆಕೆಯ ನಂಬಿಕೆ. ಮೈಮೇಲೆ ತಣ್ಣೀರು ಬಿದ್ದಂತಾಯಿತು.

ಎಡೆಗೆ ಸತ್ತವರು ಆಸೆಪಟ್ಟು ತಿನ್ನುತ್ತಿದ್ದದ್ದನ್ನೇ ಇಡಬೇಕು. ನಮ್ಮ ಮಾವನಿಗೆ ಹೋಳಿಗೆ, ಪಕ್ಕದಲ್ಲಿ ಒಂದು ಬೀಡಿ. ಚಂದ್ರಾಮ ಹೈವೇ ಬದಿಗೆ ಚೈನೀಸ್ ಬಂಡಿ ಹಾಕುತ್ತಿದ್ದವ. ಯಾದಗಿರಿಯವನ ಕೈಯ ಚೈನೀಸ್! ಚೀನಾದವರು ಕಂಡರೆ ಗುರುತು ಹಿಡಿಯುತ್ತಿರಲಿಲ್ಲ, ಆದರೆ ಆಟೋದವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಬಂಡಿ ಮುಚ್ಚುವ ಮುಂಚೆ ತನಗೊಂದು ಪ್ಲೇಟ್ ಚಿಲ್ಲಿ ಚಿಕನ್ ಹುರಿದುಕೊಂಡು ನಿಂತೇ ತಿನ್ನುತ್ತಿದ್ದ. ಕಲಿಸು ಎಂದರೆ ನಗುತ್ತಿದ್ದ. ನಾನು ಈ ತನಕ ಅದನ್ನು ಒಮ್ಮೆಯೂ ಮಾಡಿದವಳಲ್ಲ.

ಕೊನೆಗೆ ಒಪ್ಪಿಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅತ್ತೆ ಹೇಳಿದಂತೆ ಮಾಡುತ್ತೇನೆ, ಆದರೆ ಬೇಕಂತಲೇ ಕೆಡಿಸಿ ಮಾಡುತ್ತೇನೆ. ಕೆಟ್ಟ ಅಡುಗೆಯನ್ನು ಚಂದ್ರಾಮ ಮೂಸಿಯೂ ನೋಡುವವನಲ್ಲ. ಕಾಗೆ ಮುಟ್ಟದಿದ್ದರೆ ಅತ್ತೆಯ ಬಾಯಿ ಮುಚ್ಚುತ್ತದೆ, ನನ್ನ ತಾಳಿ ಉಳಿಯುತ್ತದೆ. ಸತ್ತವನಾದರೆ ತಾನೇ ಮೂಸಿ ನೋಡಲು ಬರುವುದು ಎಂಬ ಯೋಚನೆಯೂ ಬಂತು. ಅದನ್ನು ಅಲ್ಲೇ ಅದುಮಿದೆ.

ಅಮಾವಾಸ್ಯೆಯ ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು. ಓಣಿಯ ತೆಲುಗು ಹೆಣ್ಣುಮಕ್ಕಳು ಬತುಕಮ್ಮ ಹಬ್ಬಕ್ಕೆ ಹೂವು ಜೋಡಿಸುತ್ತಿದ್ದರು. ಅತ್ತೆ ಹೊಸ್ತಿಲಲ್ಲಿ ಕುಳಿತು ತನ್ನ ಅರೆಬರೆ ತೆಲುಗಿನಲ್ಲಿ ಅವರಿಗೆ ಬುದ್ಧಿ ಹೇಳುತ್ತಿದ್ದಳು. ನಾನು ಬಂಡಿಯ ಕರೀ ಕಡಾಯಿ ಇಳಿಸಿಕೊಂಡು ಕೋಳಿ ಕೊಯ್ಯಲು ಕುಳಿತೆ.

ತುಂಡು ದಪ್ಪ ಇರಲಿ, ಒಳಗೆ ಹಸಿಯಾಗಿ ಉಳಿಯಲಿ ಎಂದುಕೊಂಡೇ ಕೊಯ್ದೆ. ಮುಗಿದ ಮೇಲೆ ನೋಡಿದರೆ ಎಲ್ಲವೂ ಕಿರುಬೆರಳಿನಷ್ಟು, ಒಂದೇ ಸಮ. ಮನಸ್ಸು ಎಲ್ಲೋ ಇತ್ತು, ಹೋಗಲಿ ಎಂದುಕೊಂಡೆ. ಅರಿಶಿನ ಕಲಸಿ ಸಾರಿನ ಕೋಳಿ ಮಾಡಿಬಿಡೋಣ ಎಂದು ಡಬ್ಬಿಗೆ ಕೈ ಹಾಕಿದೆ. ಕೈಗೆ ಬಂದದ್ದು ಚಂದ್ರಾಮ ಕೋಳಿಗೆ ಕಲಸುತ್ತಿದ್ದ ಕಾರ್ನ್‌ಫ್ಲೋರ್. ಅದನ್ನು ವಾಪಸ್ ಇಡಬೇಕೆಂದಿದ್ದೆ, ಇಡಲಿಲ್ಲ.

ಉರಿ ಸಣ್ಣಗೆ ಇಟ್ಟೆ. ಸಣ್ಣ ಉರಿಯಲ್ಲಿ ಕೋಳಿ ನೀರು ಬಿಟ್ಟು ರಬ್ಬರಿನಂತಾಗುತ್ತದೆ, ಅಷ್ಟು ನನಗೂ ಗೊತ್ತು. ಉಳ್ಳಾಗಡ್ಡಿ ತೆಗೆದುಕೊಳ್ಳಲು ಆಚೆ ತಿರುಗಿ ಈಚೆ ನೋಡುವಷ್ಟರಲ್ಲಿ ಉರಿ ಕಡಾಯಿಯ ಅಂಚಿಗೆ ಏರಿತ್ತು. ಎಣ್ಣೆ ಹೊಗೆಯಾಡುತ್ತಿತ್ತು. ನಾನು ಗ್ಯಾಸಿನ ಗುಂಡಿ ತಿರುಗಿಸಲು ಹೋದೆ. ನನ್ನ ಕೈ ಗುಂಡಿಯನ್ನು ದಾಟಿಹೋಗಿ ಕೋಳಿಯನ್ನು ಎಣ್ಣೆಗೆ ಸುರಿಯಿತು.

ಆಮೇಲಿನದನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಒಂದರ ಹಿಂದೊಂದು ಬಿದ್ದವು. ಸೋಯಾ ಸಾಸ್ ಕಡಾಯಿಯ ಅಂಚಿನಗುಂಟ ಇಳಿಯಿತು. ಆ ಭಾರದ ಕಡಾಯಿ ಒಲೆಯಿಂದ ಮೇಲೆದ್ದು, ಒಳಗಿನದೆಲ್ಲ ಗಾಳಿಗೆ ಹಾರಿ, ಒಂದು ಚೂರೂ ಹೊರಗೆ ಬೀಳದೆ ಮತ್ತೆ ಒಳಗೆ ಬಿತ್ತು. ಅದನ್ನು ಎತ್ತಿದ್ದು ನನ್ನ ಎಡಗೈ. ನಾನು ಬಲಗೈಯವಳು, ಎಡಗೈಯಲ್ಲಿ ಒಂದು ಲೋಟ ಹಿಡಿದರೂ ಚೆಲ್ಲುತ್ತೇನೆ. ಚಂದ್ರಾಮ ಎಡಚ.

ನಿಲ್ಲು ಎಂದೆ, ನನ್ನ ಕೈಗೇ. ನಿಲ್ಲಲಿಲ್ಲ. ಸೌಟಿನಿಂದ ಕಡಾಯಿಯ ಅಂಚಿಗೆ ಟಣ್ ಟಣ್ ಎಂದು ಬಡಿಯಿತು, ಗಿರಾಕಿಗಳನ್ನು ಕರೆಯಲು ಅವನು ಬಂಡಿಯಲ್ಲಿ ಬಡಿಯುತ್ತಿದ್ದಂತೆಯೇ. ಹೊಸ್ತಿಲಲ್ಲಿ ಅತ್ತೆಯ ಮಾತು ನಿಂತುಹೋಯಿತು.

ಸುಳ್ಳೇಕೆ ಹೇಳಲಿ, ಭಯಕ್ಕಿಂತ ಮೊದಲು ನನಗೆ ಸಂತೋಷವಾಯಿತು. ಇಷ್ಟು ದಿನದ ಮೇಲೆ ಅವನು ನನ್ನ ಮೈಗೆ ಮೈ ತಾಗಿಸಿ ನಿಂತಿದ್ದ. ಹೀಗೆ ನಿಲ್ಲಬೇಕಾದರೆ ಅವನು ಏನಾಗಿರಬೇಕು ಎಂಬುದು ಆಮೇಲೆ ಹೊಳೆಯಿತು. ಗೋಡೆಗೆ ಒರಗಿದೆ. ಕೈ ಮಾತ್ರ ತನ್ನ ಕೆಲಸ ಮುಗಿಸಿ ಒಲೆ ಆರಿಸಿತು. ಆರಿಸಿದ ಮೇಲೆ ಅದು ಮತ್ತೆ ನನ್ನದೇ ಕೈಯಾಗಿ ಮಗ್ಗುಲಿಗೆ ಇಳಿಯಿತು.

ಅತ್ತೆ ಒಳಗೆ ಬಂದಳು. ಎಡೆಯ ಅಡುಗೆ ಮೀಸಲು, ಇಡುವ ತನಕ ಯಾರೂ ಬಾಯಿಗೆ ಹಾಕುವಂತಿಲ್ಲ. ಬೆಳಗಿನಿಂದ ಉಪ್ಪು ನೋಡಲೂ ಬಿಡದಿದ್ದ ಆ ಹೆಂಗಸು ಕಡಾಯಿಗೇ ಕೈ ಹಾಕಿ, ಸುಡುವ ಒಂದು ತುಂಡು ತೆಗೆದು ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು.

"ಯಾಕ ಇಷ್ಟು ಚಲೋ ಮಾಡಿದಿ, ಗಂಗಾ?" ಎಂದು ನೆಲದ ಮೇಲೆ ಕುಳಿತಳು. "ನಿನಗ ಬರಂಗಿಲ್ಲ ಅಂತ ಗೊತ್ತಿದ್ದೇ ಎಡಿ ಇಡೂಣು ಅಂದಿದ್ದೆ. ಕಾಗಿ ಮುಟ್ಟಂಗಿಲ್ಲ, ನನ್ನ ಮಗ ಅದಾನ ಅಂತ ಊರಿಗೆಲ್ಲ ಹೇಳಬೇಕಂತಿದ್ದೆ. ಯಾಕ ಮಾಡಿದಿ?"

ಒಂದು ವರ್ಷ ಈ ಹೆಂಗಸಿನ ಜೊತೆ ಹಾವು ಮುಂಗುಸಿಯಂತೆ ಕಾದಾಡಿದ್ದೆ. ಇಬ್ಬರೂ ಕಾದಾಡಿದ್ದು ಒಂದೇ ಕಡೆ ನಿಂತು. ನಾನು ಪಕ್ಕದಲ್ಲಿ ಕುಳಿತು ಆಕೆಯ ಸುಟ್ಟ ಬೆರಳುಗಳನ್ನು ಹಿಡಿದುಕೊಂಡೆ.

"ನಾ ಮಾಡಿಲ್ರಿ ಅತ್ತಿ," ಎಂದೆ.