ಹುಸೇನಮ್ಮನಿಗೆ ತಂದ ಸೀರೆ

ಒಂದು ಕಡ್ಡಿ ತೇಲಿಕೊಂಡು ಬರುತ್ತಿದೆ, ಜೋಳದ ದಂಟೋ ಹತ್ತಿಕಟ್ಟಿಗೆಯೋ, ಮುಳುಗಿ ಎದ್ದು ಮುಳುಗಿ ಎದ್ದು, ಹುಸೇನಮ್ಮನ ಮೊಣಕಾಲಿಗೆ ತಾಗಿ ಸುತ್ತು ತಿರುಗಿ ಮುಂದೆ ಹೋಯಿತು, ಅವಳು ಬೆಚ್ಚಿಬಿದ್ದಳು — ಹಾವಲ್ಲ ಬಿಡವಾ, ಕಡ್ಡಿ — ನೀರೆಂದರೆ ಮೊದಲಿಂದಲೂ ಹೆದರಿಕೆ ಅವಳಿಗೆ, ಹತ್ತಿ ಬಿಡಿಸಲು ಹೋಗುವಾಗ ಈ ಕಾಲುವೆಯ ಹಲಗೆ ದಾಟಬೇಕಾದರೆ ನನ್ನ ಸೆರಗು ಹಿಡಿದೇ ದಾಟುತ್ತಿದ್ದಳು, ನನ್ನ ಸೆರಗು, ಬೇರೆ ಯಾರದ್ದೂ ಅಲ್ಲ. ದೀಕ್ಷಾಸ್ನಾನ ಕೊಡಲು ಸೊಂಟದ ಮಟ್ಟದ ನೀರಿನಲ್ಲಿ ಪಾಸ್ಟರ್ ಅಯ್ಯಗಾರು ನಿಂತು ಕೈ ಚಾಚಿದ್ದಾರೆ, ರಾ ಅಮ್ಮಾ, ಭಯಪಡಕು, ರಾ, ಹೆದರಬೇಡ ಬಾ ಅಂತ. ನಾನು ದಡದಲ್ಲಿ ಸೀರೆ ಹಿಡಿದು ನಿಂತಿದ್ದೇನೆ, ಎಮ್ಮಿಗನೂರಿನ ನೂಲಿನ ಸೀರೆ, ಹಸಿರು ಅಂಚು, ಹುಸೇನಮ್ಮನಿಗೆ ಹಸಿರು ಇಷ್ಟ ಅನ್ನುವುದು ಈ ಸಭೆಯಲ್ಲಿ ನನ್ನೊಬ್ಬಳಿಗೇ ಗೊತ್ತು. ನೀರಿನಿಂದ ಎದ್ದ ಹೆಂಗಸು ಒದ್ದೆ ಮೈಯಲ್ಲಿ ದಡಕ್ಕೆ ಬಂದು ತನ್ನನ್ನು ದೇವರ ವಾಕ್ಯಕ್ಕೆ ತಂದವಳ ಮುಂದೆ ನಿಲ್ಲಬೇಕು, ಅವಳು ಒಣ ಸೀರೆ ಹೊದಿಸಬೇಕು, ಅಂದಿನಿಂದ ಆ ಮನೆ ಇವಳಿಗೆ ತವರು, ನಮ್ಮ ಆಲೂರಿನ ಸಭೆಯ ಪದ್ಧತಿ ಇದು, ಬೈಬಲ್‌ನಲ್ಲಿಲ್ಲ, ಆದರೂ ಇದೆ. ಯಾರ ಮುಂದೆ ನಿಲ್ಲುತ್ತೀ ಅಂತ ಮೊದಲೇ ಕೇಳುವಂತಿಲ್ಲ. ಕೇಳುವುದೇನಿದೆ ಇದರಲ್ಲಿ, ನನ್ನ ಮುಂದೆಯೇ ನಿಲ್ಲುತ್ತಾಳೆ, ಇನ್ಯಾರ ಮುಂದೆ ನಿಂತಾಳು — ಆ ಕಡೆ ಕಲ್ಲಿನ ಮೇಲೆ ಸೌಜನ್ಯ ನಿಂತಿದ್ದಾಳೆ, ಅಯ್ಯಗಾರ ಸೊಸೆ, ಕನ್ನಡದ ಸೀಮೆಯಿಂದ ಹೊಸದಾಗಿ ಬಂದವಳು, ಕೈಯಲ್ಲಿ ಫೋನು ಬಿಟ್ಟರೆ ಏನೂ ಇಲ್ಲ. ಅವಳಿಗೆ ಪದ್ಧತಿ ಗೊತ್ತಿಲ್ಲ, ನಾನು ಹೇಳಲೂ ಇಲ್ಲ, ನನ್ನನ್ನು ಕೇಳಿದ್ದರೆ ತಾನೇ ಹೇಳುವುದು.

ಮೊದಲು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಅಯ್ಯಗಾರು ಆದವಾನಿಯವರು, ಉಪದೇಶವೆಲ್ಲ ತೆಲುಗು, ಅಚ್ಚ ಪುಸ್ತಕದ ತೆಲುಗು, ಹೆಂಗಸರು ತಲೆಯಾಡಿಸಿ ಆಮೆನ್ ಅಂದು ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತು, ಬಸವಕ್ಕಾ, ಅಯ್ಯಗಾರು ಅಂದಿದ್ದು ಏನು ಅಂತ ಕನ್ನಡದಾಗ ಹೇಳು. ನಾನು ಹೇಳುತ್ತಿದ್ದೆ. ಸಭೆ ನಡೆಯುತ್ತಿದ್ದುದು ಒಳಗಲ್ಲ, ಆ ಮರದ ಕೆಳಗೆ. ಕುಂಕುಮ ಇಟ್ಟುಕೊಂಡರೆ ಪಾಪವಾ, ತಾಳಿ ತೆಗೀಬೇಕಾ, ಗಂಡ ಕುಡಿದು ಹೊಡೆದರೂ ಕ್ಷಮಿಸಬೇಕಾ, ಎಷ್ಟು ಸಲ, ಕನಸಿನಲ್ಲಿ ಹಳೇ ದೇವರು ಬಂದರೆ ಏನು ಮಾಡಬೇಕು, ಉಪವಾಸದ ದಿನ ಚಹಾ ಕುಡಿಯಬಹುದಾ — ಒಂದಕ್ಕಾದರೂ ತಡವರಿಸಿದ್ದೇನೆಯೇ, ಬಾಯಿ ಮುಚ್ಚುವುದರೊಳಗೆ ಉತ್ತರ, ಜೊತೆಗೆ ವಾಕ್ಯ. ಓದು ಬರದಿದ್ದರೂ ವಾಕ್ಯಗಳೆಲ್ಲ ಬಾಯಲ್ಲಿವೆ, ಕೇಳಿ ಕೇಳಿ ಹಿಡಿದಿಟ್ಟದ್ದು. ಸೌಜನ್ಯಳಿಗೆ ಫೋನು ಬೇಕು. ಪ್ರಶ್ನೆ ಕೇಳಿದರೆ, ತಡೀರಿ ನೋಡ್ತೀನಿ, ಬೆರಳು ಸರಸರ, ಆಮೇಲೆ ಆ ನಗು, ಹೆಂಗಸರೆಲ್ಲ ಬಾಯಿಬಿಟ್ಟುಕೊಂಡು ಕಾಯುತ್ತಾರೆ. ಹೊಟ್ಟೆಕಿಚ್ಚು ಪಾಪವಾ ಬಸವಕ್ಕಾ ಅಂತ ಯಾರೋ ಒಮ್ಮೆ ಕೇಳಿದಾಗ ಪಾಪವೇ ಅಂದಿದ್ದೆ, ಆದರೆ ನಮ್ಮ ದೇವರು ರೋಷದ ದೇವರು ಅಂತ ಅಯ್ಯಗಾರು ಅಂದದ್ದೂ ನೆನಪಿದೆ, ತನ್ನವರು ಇನ್ನೊಬ್ಬರ ಬಾಗಿಲಿಗೆ ಹೋದರೆ ತಡೆಯಲಾರದವನು ಅಂತ ಅದನ್ನು ಕನ್ನಡಕ್ಕೆ ತಿರುಗಿಸಿದವಳೇ ನಾನು. ದೇವರೇ ತಡೆಯಲಾರ, ನಾನು ತಡೆಯಬೇಕಂತೆ.

ಸಕ್ಕರೆಯಿಂದ ಶುರುವಾಯಿತು. ಪೀರಲ ಹಬ್ಬದಲ್ಲಿ, ಮೊಹರಮ್ಮಿಗೆ, ಹುಸೇನಮ್ಮನ ಅಕ್ಕ ಪೀರುಗಳ ಮುಂದೆ ಸಕ್ಕರೆ ಓದಿಸಿಕೊಂಡು ತಂಗಿಯ ಮನೆಗೂ ಒಂದು ಪೊಟ್ಟಣ ತರುವುದು ಅವರ ತಾಯಿಯ ಕಾಲದಿಂದ ನಡೆದು ಬಂದದ್ದು. ಹೋದ ವರ್ಷ, ತಿನಬೋದಾ ಬಸವಕ್ಕಾ ಅಂದಳು, ತಿನಬ್ಯಾಡ ಅಂದೆ, ಬೇರೆ ದೇವರ ಮುಂದೆ ಇಟ್ಟದ್ದು, ವಾಪಸು ಕೊಡು. ಕೊಟ್ಟಳು, ಅಕ್ಕ ಮಾತು ಬಿಟ್ಟಳು, ಬಿಡಲಿ, ವಿಶ್ವಾಸ ಅಂದರೆ ಸುಮ್ಮನೆಯೇ. ಈ ವರ್ಷ ಮಾತು ಬಿಟ್ಟ ಅಕ್ಕನೇ ಮತ್ತೆ ಪೊಟ್ಟಣ ಕಳಿಸಿದಾಗ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು, ನನ್ನ ಪಕ್ಕದಲ್ಲೇ ಕೂತು, ನನ್ನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು, ಸೌಜನ್ಯಳ ಕಡೆಗೆ ತಿರುಗಿ. ಪ್ರೀತಿಲಿಂದ ಕೊಟ್ಟಿದ್ದನ್ನ ತಿನ್ರಿ ದೊಡ್ಡಮ್ಮಾ ಅಂದಳು ಅವಳು, ಮೂರ್ತಿ ಅಂದ್ರ ಏನೂ ಅಲ್ಲ ಅಂತ ಪೌಲ ಹೇಳ್ಯಾನ, ಮುಂದ ಇಟ್ಟಿದ್ದನ್ನ ಕೇಳದಂಗ ತಿನ್ರಿ ಅಂತಾನ, ನಿಮ್ಮ ಅಕ್ಕನ ಮನಸು ದೊಡ್ಡದು. ಹೌದು, ಬೈಬಲ್‌ನಲ್ಲಿ ಪೌಲ ಹಾಗೆ ಬರೆದಿದ್ದಾನೆ. ಅದನ್ನು ನೋಡಿ ವಿಶ್ವಾಸದಲ್ಲಿ ಎಡವುವವರಿದ್ದರೆ ತಿನ್ನಬೇಡ ಅಂತಲೂ ಬರೆದಿದ್ದಾನಲ್ಲ, ಅದು ಅವಳ ಫೋನಿನಲ್ಲಿ ಇಲ್ಲವೇನೋ. ಸಂಜೆ ಹುಸೇನಮ್ಮ ಅಕ್ಕನ ಮನೆಗೆ ಹೋದಳಂತೆ, ಇಬ್ಬರೂ ಕೂತು ಅತ್ತರಂತೆ, ಇದನ್ನೂ ನನಗೆ ಬೇರೆ ಯಾರೋ ಹೇಳಬೇಕಾಯಿತು, ಅವಳ ಮನೆಯಲ್ಲಿ ಬೆಕ್ಕು ಮರಿ ಹಾಕಿದರೂ ಮೊದಲು ನನಗೆ ತಿಳಿಯುತ್ತಿತ್ತು.

ಅದಾದರೂ ಹೋಗಲಿ, ಸಕ್ಕರೆ. ಕೆಂಚಣ್ಣನ ಮಾತು — ಅಯ್ಯಗಾರು ಅವಳ ಕೈ ಹಿಡಿದರು, ಇನ್ನೆರಡು ಹೆಜ್ಜೆ ಒಳಗೆ ಕರೆಯುತ್ತಿದ್ದಾರೆ, ಸೀರೆ ನೀರಿನಲ್ಲಿ ಉಬ್ಬಿ ಮೇಲೆ ಬರುತ್ತಿದೆ, ಒಂದು ಕೈಯಲ್ಲಿ ಒತ್ತಿಕೊಳ್ಳುತ್ತಿದ್ದಾಳೆ — ಕೆಂಚಣ್ಣ ಅವಳ ಗಂಡ, ಹತ್ತಿ ಮಿಲ್ಲಿಗೆ ಬಂಡಿ ಹೊಡೆಯುತ್ತಿದ್ದವನು, ನೊಣಕ್ಕೂ ಕೆಟ್ಟದ್ದು ಬಯಸದವನು, ಇವಳು ಸಭೆಗೆ ಬರುವುದಕ್ಕೆ ಮೊದಲೇ ತೀರಿಕೊಂಡ. ನಮ್ಮ ಯಜಮಾನ ಈಗ ಎಲ್ಲಿ ಅದಾನ ಬಸವಕ್ಕಾ, ಅಲ್ಲಿ ನನಗ ಸಿಗತಾನಾ. ಹತ್ತಿ ಸಾಲಿನಲ್ಲಿ ಕೇಳಿದ್ದಳು, ಬಗ್ಗಿದವಳು ಬಗ್ಗಿದ ಹಾಗೆಯೇ. ಇಲ್ಲ ಅಂದೆ. ನಂಬದವರು ಪರಲೋಕದ ಒಳಗ ಹೋಗೂದಿಲ್ಲ. ಅವಳು ಮತ್ತೆ ಹತ್ತಿ ಬಿಡಿಸತೊಡಗಿದಳು. ಮತ್ತೇನು ಹೇಳಬೇಕಿತ್ತು ನಾನು, ನನ್ನ ಅಪ್ಪನೂ ನಂಬದೇ ಸತ್ತವನು, ಹೊಲದಿಂದ ಬರುವಾಗ ಪಂಚೆಯ ತುದಿಯಲ್ಲಿ ನನಗೆಂದು ಕಡಲೆ ಕಟ್ಟಿಕೊಂಡು ಬರುತ್ತಿದ್ದವನು, ಅವನನ್ನೂ ಇದೇ ಮಾತಿನಿಂದ ಹೊರಗೆ ನಿಲ್ಲಿಸಿದ್ದೇನೆ, ಪ್ರತಿ ರಾತ್ರಿ ಪ್ರಾರ್ಥನೆಯಲ್ಲಿ ಅವನ ಹೆಸರು ಬಾಯಿಗೆ ಬಂದರೆ ನುಂಗಿಕೊಳ್ಳುತ್ತೇನೆ, ನಾನು ನುಂಗಿದ್ದನ್ನು ಅವಳಿಗೆ ಮಾತ್ರ ಹೇಗೆ ಸಡಿಲ ಮಾಡಲಿ. ಹೋದ ತಿಂಗಳು ಹುಸೇನಮ್ಮ ಅದನ್ನೂ ಸೌಜನ್ಯಳನ್ನೇ ಕೇಳಿದಳು. ಸೌಜನ್ಯ ಫೋನು ತೆಗೆಯಲಿಲ್ಲ. ಹುಸೇನಮ್ಮನ ಕೈ ಹಿಡಿದುಕೊಂಡಳು. ಆಮೇಲೆ, ನನಗ ಗೊತ್ತಿಲ್ರಿ ದೊಡ್ಡಮ್ಮಾ, ಅಂದಳು. ಖರೇನ ಗೊತ್ತಿಲ್ಲ. ದೇವ್ರಿಗೆ ನನಗಿಂತ ಕರುಣಿ ಜಾಸ್ತಿ ಐತಿ, ಅಷ್ಟ ಗೊತ್ತು. ಹುಸೇನಮ್ಮ ಅವಳ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಗೊತ್ತಿಲ್ಲ ಅಂದದ್ದಕ್ಕೆ! ಗೊತ್ತಿಲ್ಲ ಅನ್ನುವುದಕ್ಕೆ ಓದಬೇಕಾ, ನಾನೂ ಅನ್ನುತ್ತಿದ್ದೆನಲ್ಲ, ಹಾಗೆ ಅನ್ನಬಹುದು ಅಂತ ನನಗೆ ಯಾರಾದರೂ ಹೇಳಿದ್ದರೆ — ಒಂದೇ ಮಾತಿನಿಂದ ಅವಳು ಎಲ್ಲರ ಗಂಡಂದಿರನ್ನೂ ಅಪ್ಪಂದಿರನ್ನೂ ಬಾಗಿಲ ಹತ್ತಿರ ತಂದು ಕೂರಿಸಿಬಿಟ್ಟಳು, ನನ್ನ ಅಪ್ಪನನ್ನೂ, ನನ್ನನ್ನು ಕೇಳದೆ. ಉರಿಯುತ್ತದೆ ಹೊಟ್ಟೆ, ಉರಿಯಲಿ.

ಈಗ ಹೆಸರು ಹೇಳುತ್ತಾರೆ. ಮಾರ್ಥಮ್ಮ ಅಂತ ಇಟ್ಟುಕೊಳ್ಳೋಣ ಅಂದಿದ್ದೆ, ಹುಸೇನಮ್ಮ ಅಂದರೆ ಪೀರಲ ಹರಕೆಯ ಹೆಸರು, ನೀರಿನಲ್ಲಿ ಬಿಟ್ಟು ಬಾ, ಹೂಂ ಅಂದಿದ್ದಳು, ನಾನೂ ಮುಳುಗಿ ಎದ್ದಾಗ ರೂತಮ್ಮ ಆದವಳೇ, ಮನೆ ಸೇರುವಷ್ಟರಲ್ಲಿ ಮತ್ತೆ ಬಸವಕ್ಕ, ಅದು ಬೇರೆ ಮಾತು. ಅಯ್ಯಗಾರು ಒಂದು ಕೈ ಮೇಲೆತ್ತಿದರು, ತಂಡ್ರಿ, ಕುಮಾರ, ಪರಿಶುದ್ಧಾತ್ಮ — ಹುಸೇನಮ್ಮಾ, ಅಂದರು. ಹುಸೇನಮ್ಮಾ. ಯಾರು ಹೇಳಿದರು ಅವರಿಗೆ, ಇನ್ಯಾರು, ಮನೆಯಲ್ಲೇ ಇದ್ದಾಳಲ್ಲ ಹೇಳುವವಳು, ಹೆಸರು ಹಂಗ ಇರ್ಲಿ, ಆ ಹೆಸರಿಲೆ ದೇವ್ರು ನಿಮ್ಮನ್ನ ಕರದಾನ ಅಂದಿರುತ್ತಾಳೆ. ಮುಳುಗಿದಳು. ನೀರು ಮುಚ್ಚಿಕೊಂಡಿತು. ಏಳು, ಏಳವಾ, ಉಸಿರು ಹಿಡಿಯಲು ಬರುವುದಿಲ್ಲ ಅವಳಿಗೆ — ಎದ್ದಳು, ಕೆಮ್ಮುತ್ತಾ, ಕೂದಲು ಮುಖಕ್ಕೆ ಅಂಟಿಕೊಂಡು, ಕಣ್ಣು ಬಿಡಲಾರದೆ, ಹೆಂಗಸರು ಹಾಡು ಎತ್ತಿಕೊಂಡರು, ನಾನು ಸೀರೆಯ ಮಡಿಕೆ ಬಿಡಿಸಿದೆ, ಎರಡೂ ಕೈ ಅಗಲಿಸಿ ಹಿಡಿದೆ, ಈ ಕಡೆ ಹುಸೇನಮ್ಮಾ, ಈ ಕಡೆ, ಅವಳು ಮೆಟ್ಟಿಲು ಹತ್ತಿದಳು, ಕಣ್ಣೊರೆಸಿಕೊಂಡಳು, ನನ್ನನ್ನು ನೋಡಿದಳು, ನನ್ನನ್ನೂ ಸೀರೆಯನ್ನೂ ಸರಿಯಾಗಿಯೇ ನೋಡಿದಳು, ನೋಡಿ, ಕಲ್ಲಿನ ಕಡೆಗೆ ನಡೆದಳು. ಸೌಜನ್ಯಳಿಗೆ ಏನೂ ಅರ್ಥವಾಗಲಿಲ್ಲ, ಅಯ್ಯೋ ದೊಡ್ಡಮ್ಮಾ ಅಂದಳು, ಫೋನು ಕಲ್ಲಿನ ಮೇಲಿಟ್ಟಳು, ಹೊದಿಸಲು ಏನೂ ಇಲ್ಲದವಳು ತೋಳುಗಳಿಂದಲೇ ತಬ್ಬಿಕೊಂಡಳು. ಬಸವಕ್ಕಾ, ಆ ಸೀರಿ ಈ ಕಡೆ ಕೊಡ್ರಿ, ನಡಗಾಕತ್ಯಾಳ ಪಾಪ. ಕೊಡಬೇಕು. ಕೈ ಏಳುತ್ತಿಲ್ಲ. ಎಲ್ಲರೂ ನೋಡುತ್ತಿದ್ದಾರೆ, ಕೊಡಬೇಕು, ಸೌಜನ್ಯಳ ಭುಜದ ಮೇಲೆ ಹುಸೇನಮ್ಮನ ತಲೆ, ಅಲ್ಲಿ ರವಿಕೆ ಒದ್ದೆಯಾಗುತ್ತಿದೆ, ಕೆಂಪು ರವಿಕೆ, ಒದ್ದೆಯಾದಲ್ಲಿ ಕಪ್ಪು, ತಲೆಯ ಅಗಲ ಇದ್ದದ್ದು ತೋಳಿಗಿಳಿಯಿತು — ಬಸವಕ್ಕಾ, ಸೀರಿ — ಆ ಒದ್ದೆ, ಭುಜದಿಂದ ತೋಳಿಗೆ, ಆ ಒದ್ದೆ, ಇನ್ನೂ ಇಳಿಯುತ್ತಿದೆ.