ಕಂಬಳಿಯ ಮೂಲೆಯ ರಾಗಿ

ಶುಂಠಿಯ ಘಾಟು ಕಿಟಕಿಯಿಂದ ಒಳಗೆ ನುಗ್ಗಿತು, ಅಂದರೆ ಕಂಬಳಿ ಕಾರ್ಖಾನೆಯ ವ್ಯಾನು ಶುಂಠಿ ತೊಳೆಯುವ ಜಾಗ ದಾಟುತ್ತಿದೆ, ಹೊಳೆನರಸೀಪುರಕ್ಕೆ ಇನ್ನು ಅರ್ಧ ಗಂಟೆಯೂ ಇಲ್ಲ, ಈ ಡ್ರೈವರ್ ಪುಟ್ಟರಾಜುವಿಗೆ ಇವತ್ತೇ ಎಲ್ಲಿಲ್ಲದ ಅವಸರ, ಬೇರೆ ದಿನ ಅರಕಲಗೂಡು ಬಸ್‌ಸ್ಟ್ಯಾಂಡ್ ಬಿಡುವುದಕ್ಕೇ ಟೀ ಮೇಲೆ ಟೀ ಕುಡಿಯುವ ಮಹಾರಾಯ — ಬೀರಮ್ಮ ಸೆರಗನ್ನು ಮೂಗಿಗೆ ಹಿಡಿದುಕೊಂಡಳು, ಐವತ್ತೆಂಟು ವರ್ಷದ ಕೈ, ಸೂಜಿ ಹಿಡಿದರೆ ಇನ್ನೂ ಗುರಿ ತಪ್ಪದ ಕೈ. ಎರಡು ಸೀಟು ಮುಂದೆ ಸೊಸೆ ಕೋಮಲಾ ಊಟದ ಬ್ಯಾಗನ್ನು ಅವುಚಿಕೊಂಡು ಕೂತಿದ್ದಾಳೆ, ತಿರುಗಿ ನೋಡುತ್ತಿಲ್ಲ, ನಿನ್ನೆ ಸಾಯಂಕಾಲ ಫೋನು ಬಂದಾಗಿನಿಂದ ಹೀಗೇ. ಮೇಡಂ ಫೋನ್ ಮಾಡಿದ್ರು ಕಣತ್ತೆ, ಅಂದಿದ್ದಳು, ನಲವತ್ತು ಕಂಬ್ಳಿ ಹೊರದೇಶದಿಂದ ವಾಪಸ್ ಬಂದವಂತೆ, ಒಂದರ ಮೂಲೇಲಿ ರಾಗಿ ಸಿಕ್ತಂತೆ, ಕಾಳು ಬೀಜ ಏನೂ ಅಲ್ಲಿ ಒಳಿಕ್ಕೆ ಬಿಡಕಿಲ್ವಂತೆ, ಆ ಕಂಬ್ಳಿ ಮೇಲಿರೋದು ನನ್ನ ನಂಬರಂತೆ. ಅಷ್ಟು ಹೇಳಿ ಒಲೆಯ ಕಡೆ ತಿರುಗಿಬಿಟ್ಟಳು. ಯಾರು ಹೊಲಿದರೋ ಅವರ ನಂಬರು ಕಂಬಳಿಯ ಮೇಲಿರುತ್ತದೆ, ನಂಬರು ಅವಳದು, ಸರಿ. ಆದರೆ ಆ ರಾಗಿ ಇಟ್ಟ ಬೆರಳು ಯಾವುದೆಂದು ಬೀರಮ್ಮನಿಗೆ ಗೊತ್ತು, ಈಗ ಸೆರಗು ಹಿಡಿದಿದೆಯಲ್ಲ, ಅದೇ ಬೆರಳು.

ಬರಿಗಂಬಳಿ ಮನೆಯ ಹೊಸಿಲು ದಾಟಬಾರದು ಅಂತ ಹೇಳಿದ್ದು ಅವಳ ಅತ್ತೆ. ಎರಡು ಪಟ್ಟಿ ನೇಯ್ದು, ನಡುವೆ ಕೂಡಿಸಿ ಹೊಲಿದು, ಕೊನೆಗೆ ಮೂಲೆ ಮಡಚುವಾಗ ಒಳಗೆ ನಾಲ್ಕು ಕಾಳು ರಾಗಿ, ತಕ್ಕೊಂಡೋರ ಒಟ್ಟೆ ತಣ್ಣಗಿರ್ಲಿ ಕಣವ್ವ, ಇದ ಯಾರ್ಗೂ ಏಳ್ಬ್ಯಾಡ, ಏಳುದ್ರೆ ಫಲ ಓಯ್ತದೆ — ಹೇಳಲಿಲ್ಲ, ಕಟ್ಟಿಕೊಂಡ ಗಂಡ ಮಾದಯ್ಯನಿಗೂ ಹೇಳಲಿಲ್ಲ, ಅವನು ಮಗ್ಗದಲ್ಲಿ ಕೂತು ನೇಯುತ್ತಿದ್ದ, ಇವಳು ಜಗಲಿಯಲ್ಲಿ ಕೂತು ಕೂಡಿಸುತ್ತಿದ್ದಳು, ಮೂಲೆಗೆ ಬಂದಾಗ ಸೆರಗು ಅಡ್ಡ ಮಾಡಿಕೊಳ್ಳುತ್ತಿದ್ದಳು. ಆಮೇಲೆ ಬಣ್ಣಬಣ್ಣದ ನೈಲಾನ್ ಹೊದಿಕೆಗಳು ಬಂದವು, ಹೂವಿನ ಚಿತ್ರ, ಹುಲಿಯ ಚಿತ್ರ, ಕರಿಕಂಬಳಿ ಯಾರಿಗೂ ಬೇಡವಾಯಿತು, ಮಾದಯ್ಯ ಮಗ್ಗ ಬಿಚ್ಚಿ ಮರವನ್ನು ಕೊಟ್ಟಿಗೆಯ ಅಟ್ಟಕ್ಕೆ ಹಾಕಿ ತಂಬಾಕು ಬೇಯಿಸುವ ಕೂಲಿಗೆ ಹೋದ, ಹೋದವನ ಮುಖ ನೋಡಲಾಗುತ್ತಿರಲಿಲ್ಲ. ಹೊಳೆನರಸೀಪುರದ ಹಳೇ ಅಕ್ಕಿ ಗಿರಣಿಯನ್ನು ಹಿಡಿದು ಹನ್ನೊಂದು ವರ್ಷದ ಹಿಂದೆ ಈ ಕಂಪನಿಯವರು ಬಂದಿರದಿದ್ದರೆ! ಕುರಿಯ ಮೈಬಣ್ಣದ್ದೇ ಉಣ್ಣೆ ಬೇಕು, ಕೈಯಲ್ಲೇ ನೂತಿರಬೇಕು, ಕೈಯಲ್ಲೇ ಕೂಡಿಸಿರಬೇಕು ಅಂದರು, ಸುತ್ತಲ ಹಳ್ಳಿಗಳಲ್ಲಿ ಸುಮ್ಮನೆ ಬಿದ್ದಿದ್ದ ಕದಿರುಗಳೆಲ್ಲ ಮತ್ತೆ ತಿರುಗಿದವು, ಅಟ್ಟದ ಮರ ಕೆಳಗಿಳಿಯಿತು. ಮಾಡಿದ ಕಂಬಳಿ ಎಲ್ಲಿಗೆ ಹೋಗುತ್ತದೆ ಅಂದರೆ ದೊಡ್ಡ ದೊಡ್ಡ ಹೋಟೆಲಿಗೆ, ಅಲ್ಲಿ ಅದನ್ನು ಯಾರೂ ಹೊದೆಯುವುದಿಲ್ಲವಂತೆ, ಹಾಸಿಗೆಯ ಕಾಲ ಬುಡದಲ್ಲಿ ಚೆಂದಕ್ಕೆ ಮಡಚಿಡುತ್ತಾರಂತೆ, ಕೇಳಿ ಮಾದಯ್ಯ ಮೂರು ದಿನ ನಕ್ಕಿದ್ದ, ಮೈ ಮ್ಯಾಲೆ ಆಕ್ಕೊಳ್ದೋರ್ಗೆ ಕಂಬ್ಳಿ ಯಾಕಮ್ಮಿ ಬೇಕು. ಅಂಥವರ ಹೊಟ್ಟೆಗೆ ಅರಕಲಗೂಡಿನ ನಾಲ್ಕು ಕಾಳು ರಾಗಿ ಏನು ಮಾಡೀತು ಅಂತ ಬೀರಮ್ಮನಿಗೂ ಒಮ್ಮೊಮ್ಮೆ ಅನ್ನಿಸಿದ್ದುಂಟು, ಆದರೆ ಕೈ ಕೇಳಬೇಕಲ್ಲ, ಮೂಲೆ ಬಂದರೆ ತಾನಾಗಿ ಸೊಂಟದ ರಾಗಿ ಚೀಲಕ್ಕೆ ಹೋಗುತ್ತಿತ್ತು. ಸೂಜಿಯ ಮುರುಕು ಒಳಗುಳಿದಿದ್ದರೆ ಕೂಗಿಕೊಳ್ಳುವ ಒಂದು ಯಂತ್ರವಿದೆ ಕಾರ್ಖಾನೆಯಲ್ಲಿ, ಪ್ರತಿ ಕಂಬಳಿಯೂ ಅದರ ಹೊಟ್ಟೆಯೊಳಗೆ ಹೋಗಿ ಬರಬೇಕು. ರಾಗಿಗೆ ಅದು ಹನ್ನೊಂದು ವರ್ಷ ಒಂದು ಸಲವೂ ಕೂಗಲಿಲ್ಲ.

ಈಗ ಕೂಗಿತು ನೋಡು, ಎಲ್ಲೋ ಸಮುದ್ರದ ಆಚೆ, ಅದೂ ಆ ಹುಡುಗಿಯ ನಂಬರು ಹಿಡಿದು. ಮೊಮ್ಮಗಳು ಯಶಸ್ವಿನಿಗೆ ಜ್ವರ ಬಂದಿತ್ತಲ್ಲ, ಹಾಸನದ ಆಸ್ಪತ್ರೆ, ಕೋಮಲಾ ಮೂರು ದಿನ ಅಲ್ಲಿ, ನೀನು ಓಗವ್ವ, ನಿನ್ನ ಕಂಬ್ಳಿ ನಾನ್ ನೋಡ್ಕತೀನಿ ಅಂತ ದೊಡ್ಡದಾಗಿ ಹೇಳಿ ಅವಳ ನಂಬರಿನ ಆರು ಕಂಬಳಿ ಕೂಡಿಸಿದವಳು ತಾನೇ, ಆರರ ಮೂಲೆಗೂ ರಾಗಿ ಹಾಕಿದವಳು ತಾನೇ, ಉಪಕಾರ ಮಾಡಲು ಹೋಗಿ — ಥೂ, ಈ ಕೈ. ಸೋಮವಾರ ಕೋಮಲಾ ಚನ್ನರಾಯಪಟ್ಟಣಕ್ಕೆ ಹೋಗಬೇಕು, ಅಲ್ಲಿ ಕಂಪನಿ ಹೊಸ ಶೆಡ್ ತೆಗೆಯುತ್ತಿದೆ, ಇಪ್ಪತ್ತು ಜನ ಹೆಂಗಸರಿಗೆ ಕೂಡಿಸುವುದನ್ನು ಕಲಿಸುವ ಟೀಚರು ಅವಳು, ಟೀಚರು! ಮದುವೆಯಾಗಿ ಬಂದ ಹೊಸದರಲ್ಲಿ ತಂಬಾಕು ಎಲೆ ವಿಂಗಡಿಸುವ ಕೂಲಿಗೆ ಹೋಗುತ್ತಿದ್ದಳು, ಬೆರಳಿಗೆಲ್ಲ ಕರೀ ಅಂಟು, ಸೋಪು ಹಾಕಿ ಉಜ್ಜಿದರೂ ವಾಸನೆ ಹೋಗದು, ಕಂಕುಳಲ್ಲಿ ಎತ್ತಿಕೊಂಡರೆ ಕೂಸು ಮುಖ ಹಿಂಡಿ ಅಜ್ಜಿಯ ಕಡೆ ಕೈ ಚಾಚುತ್ತಿತ್ತು, ಅವತ್ತು ಹಿತ್ತಿಲಿಗೆ ಹೋಗಿ ಅತ್ತಿದ್ದಳು, ಬೀರಮ್ಮ ನೋಡಿದ್ದಳು, ನೋಡಿಲ್ಲದವಳ ಹಾಗೆ ಇದ್ದಳು, ಮಾರನೇ ದಿನ ಸೂಜಿ ಕೊಟ್ಟು ಕೂರಿಸಿಕೊಂಡಳು. ಅಂಥವಳು ಮೊನ್ನೆ ಬಸ್ಸಿನ ಟೈಮೆಲ್ಲ ಬರೆದು ಗೋಡೆಗೆ ಅಂಟಿಸಿದ್ದಾಳೆ. ವ್ಯಾನು ಹತ್ತುವಾಗ ಹುಡುಗಿಯರು ಹೇಳುತ್ತಿದ್ದರು, ಯಾರ ಕಂಬಳಿಯಲ್ಲಿ ರಾಗಿ ಸಿಕ್ಕಿತೋ ಅವರನ್ನು ಟೀಚರ್ ಮಾಡೋ ಹಾಗಿಲ್ಲ ಅಂದಿದ್ದಾರಂತೆ ಮೇಡಂ, ಕೂಡಿಸುವ ಮೇಜಿನಿಂದಲೂ ಎಬ್ಬಿಸಬೇಕಾಗುತ್ತದಂತೆ. ಎಬ್ಬಿಸಲಿ, ಯಾರನ್ನು ಎಬ್ಬಿಸಬೇಕೋ ಅವಳನ್ನೇ ಎಬ್ಬಿಸಲಿ, ನಾನೇ ಅಂತ ಹೇಳಿಬಿಡುವುದು, ಒಂದೇ ಮಾತು, ಎಷ್ಟು ಹೊತ್ತು ಬೇಕು ಅದಕ್ಕೆ. ಆದರೆ ಆ ಮೇಜು, ಕಿಟಕಿಯ ಪಕ್ಕದ ಆ ಬೆಳಕು, ಬೀರಮ್ಮಾ ಇದೊಂಚೂರು ನೋಡ್ಕೊಡಿ ಅಂತ ಹುಡುಗಿಯರು ತಂದು ಮುಂದೆ ಹಿಡಿಯುವ ಹೊಲಿಗೆ — ಅದಿಲ್ಲದೆ ಬೆಳಗ್ಗೆ ಎದ್ದು ಏನು ಮಾಡುವುದು? ಅವಳಿಗೆ ಭಯವಾಯಿತು. ವ್ಯಾನು ಗೇಟಿನೊಳಗೆ ತಿರುಗಿತು.

ಮೇಡಂ ಅಂದರೆ ಮ್ಯಾನೇಜರ್ ದೀಪಶ್ರೀ, ಹಾಸನದ ಹುಡುಗಿ, ಗದರಲು ಬರುವುದಿಲ್ಲ, ಗದರಬೇಕಾದಾಗ ಕನ್ನಡಕ ತೆಗೆದು ಒರೆಸುತ್ತಾಳೆ, ಈಗ ಒರೆಸುತ್ತಿದ್ದಾಳೆ, ಮೇಜಿನ ಮೇಲೆ ವಾಪಸ್ ಬಂದ ಕಂಬಳಿ, ಒಂದು ಮೂಲೆಯನ್ನು ಅಲ್ಲಿಯವರು ಅರ್ಧ ಬಿಚ್ಚಿದ್ದಾರೆ, ಪಕ್ಕದಲ್ಲಿ ಪುಟ್ಟ ಪ್ಲಾಸ್ಟಿಕ್ ಕವರು, ಒಳಗೆ ರಾಗಿ, ಅಯ್ಯೋ ಇಷ್ಟು ಚಿಕ್ಕದಾ, ಇದಕ್ಕಾ ಇಷ್ಟೆಲ್ಲ. ಕೋಮಲಾ, ನಿಜ ಹೇಳಿ, ಇದು ಹೇಗೆ ಬಂತು ಇದರೊಳಗೆ? ಅಂದಳು ದೀಪಶ್ರೀ. ಕೋಮಲಾ ಬಾಯಿ ತೆರೆಯುವ ಮೊದಲೇ ಬೀರಮ್ಮ ಮುಂದೆ ಬಂದಳು, ನಂದು ಕಣ್ ಮೇಡಮ್ಮಾರೆ, ನಾನೇ ಇಟ್ಟಿದ್ದು, ಮಗೀಗೆ ಜ್ವರ ಅಂತ ಅವಳು ಆಸ್ಪತ್ರೆಲಿದ್ಲು, ಅವಳ ನಂಬರಿನ ಕಂಬ್ಳಿ ನಾನೇ ವಲ್ದೆ, ನಮ್ಮಲ್ಲಿ ಬರಿಗಂಬ್ಳಿ ಕೊಡಕಿಲ್ಲ, ಅವಳ್ಗೆ ಇದ್ಯಾವ್ದೂ ಗೊತ್ತಿಲ್ಲ. ಹೇಳಿಯಾಯಿತು. ಹನ್ನೊಂದು ವರ್ಷ ಕಾರ್ಖಾನೆಗೆ ಮುಚ್ಚಿಟ್ಟ ಗುಟ್ಟು ಒಂದು ಉಸಿರಲ್ಲಿ ಮುಗಿದುಹೋಯಿತು. ದೀಪಶ್ರೀ ಕನ್ನಡಕ ಹಾಕಿಕೊಂಡಳು, ಆಮೇಲೆ ಮೆಲ್ಲಗೆ, ನೀವು ಮತ್ತೆ ಈ ಮೇಜಿಗೆ ಕೂರೋಕಾಗಲ್ಲ ಬೀರಮ್ಮ, ನನ್ನ ಕೈಲಿ ಏನೂ ಇಲ್ಲ, ನೂಲು ಸುತ್ತೋ ಕಡೆ ಹಾಕ್ತೀನಿ, ಕೋಮಲಾ ಸೋಮವಾರ ಚನ್ನರಾಯಪಟ್ಟಣಕ್ಕೆ ಹೋಗ್ಲಿ. ಆಯ್ತು, ಅಂದಳು ಬೀರಮ್ಮ. ನೂಲು ಸುತ್ತುವುದೂ ಕೆಲಸವೇ, ಮುಖದಲ್ಲಿ ಏನೂ ತೋರಿಸಬಾರದು, ಅಳಬಾರದು, ಸುಮ್ಮನೆ ಕಂಬಳಿಯನ್ನು ಹತ್ತಿರ ಎಳೆದುಕೊಂಡಳು, ಒಂದು ಸಲ ನೋಡಿಬಿಡೋಣ ಅಂತ, ಬಿಚ್ಚದೆ ಉಳಿದ ಅರ್ಧ ಮೂಲೆಯನ್ನು ತಿರುವಿದಳು.

ಹೊಲಿಗೆ ಎಡಕ್ಕೆ ವಾಲಿದೆ. ಇದೇನಿದು, ತನ್ನ ಹೊಲಿಗೆ ಬಲಕ್ಕೆ ವಾಲುತ್ತದೆ, ಇಡೀ ಕಾರ್ಖಾನೆಯಲ್ಲಿ ಎಲ್ಲರದೂ ಬಲಕ್ಕೇ, ಎಡಕ್ಕೆ ವಾಲುವ ಕೈ ಇಲ್ಲಿ ಒಂದೇ — ಎಡಚಿ ಸೊಸೆ ತಂದವ್ಳೆ ಬೀರಿ ಅಂತ ಬೀದಿಯ ಹೆಂಗಸರು ಆಡಿಕೊಂಡಾಗ ಕೈ ಬದಲಿಸು ಅನ್ನದೆ, ಪಕ್ಕದಲ್ಲಿ ಕೂರುವುದು ಬಿಟ್ಟು ಎದುರಿಗೇ ಕೂತು, ತನ್ನ ಬಲಗೈಯನ್ನು ಅವಳ ಎಡಗೈಗೆ ಕನ್ನಡಿ ಮಾಡಿ ಕಲಿಸಿದ್ದು, ತಿಂಗಳುಗಟ್ಟಲೆ, ಎದುರಿಗೆ, ಎದುರು ಕೂತವಳಿಗೆ ಸೆರಗಿನ ಮರೆ ಎಲ್ಲಿಯದು, ಅವಳಿಗೆ ಎಲ್ಲ ಕಾಣುತ್ತಿತ್ತು, ನೋಡಿದ್ದಾಳೆ, ಕಲಿತಿದ್ದಾಳೆ, ಯಾರಿಗೂ ಹೇಳದೆ ತಾನೂ ರಾಗಿ ಇಟ್ಟಿದ್ದಾಳೆ, ತನಗೂ ಹೇಳದೆ, ಕಳ್ಳಿ, ನನ್ನ ಬಂಗಾರ — ಮೇಡಂ, ಅದು ಅತ್ತೆ ಅಲ್ಲ, ಅನ್ನುತ್ತಿದ್ದಾಳೆ ಕೋಮಲಾ, ಬೀರಮ್ಮ ಅವಳ ಮಣಿಕಟ್ಟು ಹಿಡಿದಳು, ಬಿಗಿಯಾಗಿ, ಸುಮ್ಕಿರವ್ವ, ನಾನು ಏಳಾಯ್ತು, ಸುಮ್ಕಿರು. ಕೈಯೊಳಗೆ ಅವಳ ನಾಡಿ ಹೊಡೆದುಕೊಳ್ಳುತ್ತಿದೆ, ದೀಪಶ್ರೀ ಏನೋ ಕೇಳುತ್ತಿದ್ದಾಳೆ, ಕೇಳಲಿ, ಬೀರಮ್ಮನ ಕಣ್ಣು ಮೂಲೆ ಬಿಟ್ಟು ಕದಲುತ್ತಿಲ್ಲ, ಸಣ್ಣ ಸಣ್ಣ ಹೊಲಿಗೆ, ಒಂದೇ ಅಳತೆ, ಎಡಕ್ಕೆ, ಮತ್ತೆ ಎಡಕ್ಕೆ, ಎಲ್ಲವೂ ಎಡಕ್ಕೆ.