ಉಲಹನ್ನಾನ್ ಕಡಿದ ಕಾಡು, ಅಥವಾ ಕಡಿಯದ ಕಾಡು

ಎಲ್ಲಿಂದ ಶುರು ಮಾಡೋಣ? ಓಲಿಕ್ಕರ ಮನೆತನದವರನ್ನು ಕೇಳಿದರೆ ಕ್ರಿಸ್ತಶಕ ಐವತ್ತೆರಡರಿಂದ ಶುರು ಮಾಡಿ ಅನ್ನುತ್ತಾರೆ. ಆ ವರ್ಷ ಸಂತ ತೋಮಾ ಬಂದು ನಂಬೂದಿರಿ ಬ್ರಾಹ್ಮಣರಿಗೆ ಕ್ರೈಸ್ತ ದೀಕ್ಷೆ ಕೊಟ್ಟನಂತೆ, ಅವರಲ್ಲೊಬ್ಬ ಇವರ ಮೂಲಪುರುಷನಂತೆ. (ಮಲಬಾರಿನ ಈ ಬೆಟ್ಟಸಾಲಿನಲ್ಲಿ ಯಾವ ಕ್ರೈಸ್ತ ಮನೆಯ ಬಾಗಿಲು ತಟ್ಟಿದರೂ ಇದೇ ಕಥೆ. ಅಷ್ಟೊಂದು ನಂಬೂದಿರಿಗಳಿದ್ದ ಮೇಲೆ ಆಗ ಗದ್ದೆ ಉಳುತ್ತಿದ್ದವರು ಯಾರೋ, ಆ ತೋಮನೇ ಬಲ್ಲ.)

ಬೇಡ. ತ್ರೇಸ್ಯಾಮ್ಮ ಟೀಚರಿಂದಲೇ ಶುರು ಮಾಡುತ್ತೇನೆ. ಅರವತ್ತೆಂಟು ವರ್ಷ, ಪುಲ್ಲಾಂಪಾರದ ಪ್ರೈಮರಿ ಶಾಲೆಯಿಂದ ರಿಟೈರ್ ಆದವರು. ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ ಕುಟುಂಬ ಚರಿತ್ರೆ ಬರೆಯುವ ಶಿಕ್ಷೆ ಅವರ ಪಾಲಿಗೆ ಬಂತು. ವಿಧಿಸಿದವನು ದೊಡ್ಡಪ್ಪನ ಮಗ ಕುರ್ಯಾಚ್ಚನ್: ಟೈಲ್ಸ್ ಅಂಗಡಿಯ ಮಾಲೀಕ, ಕುಟುಂಬ ಸಂಘದ ಅಧ್ಯಕ್ಷ. ಮುಖ್ಯ ಅಧ್ಯಾಯ ಅಜ್ಜ ಉಲಹನ್ನಾನನದು. ಎರಡನೇ ಮಹಾಯುದ್ಧದ ಬರಗಾಲದಲ್ಲಿ ತಿರುವಿದಾಂಕೂರಿನಿಂದ ಹೆಂಡತಿ ಏಲಿ, ಮೂರು ಮಕ್ಕಳ ಸಮೇತ ಬಂದು ಈ ಬೆಟ್ಟದಲ್ಲಿ ಮೊದಲು ಬೇಸಾಯ ಮಾಡಿದವನು ಅವನೇ ಎಂದು ಖ್ಯಾತಿ.

ಕರಡು ೧

"ಹೆಗಲ ಮೇಲೆ ಕೊಡಲಿ, ಎದೆಯೊಳಗೆ ದೇವರು. ಮನುಷ್ಯನ ಹೆಜ್ಜೆ ಸೋಕದ ಘೋರಾರಣ್ಯ ಉಲಹನ್ನಾನನ ಮುಂದೆ ತಲೆಬಾಗಿತು..."

(ಅರಣ್ಯಗಳಿಗೆ ತಲೆಬಾಗುವ ಚಟ ಇರುವುದು ಕುಟುಂಬ ಚರಿತ್ರೆಗಳಲ್ಲಿ ಮಾತ್ರ.)

ಕುರ್ಯಾಚ್ಚನ್ ಓದಿ ಕಣ್ಣೊರೆಸಿಕೊಂಡ. "ಚೆನ್ನಾಗಿದೆ ಕಣೇ ತ್ರೇಸ್ಯ. ಒಂದು ಹುಲಿ ಹಾಕು."

"ಹುಲಿ ಎಲ್ಲಿತ್ತು ಅಚ್ಚಾಯ?"

"ಕಾಡಲ್ಲಿ ಹುಲಿ ಇಲ್ದೆ ಹಸು ಇತ್ತಾ? ಮಾಟ್ಟತ್ತಿಲ್ ಮನೆತನದೋರ ಚರಿತ್ರೇಲಿ ಎರಡಿದೆ. ನಾವೇನು ಅವರಿಗಿಂತ ಕಮ್ಮೀನಾ?"

ಹುಲಿ ಹುಡುಕಿಕೊಂಡು ತ್ರೇಸ್ಯಾಮ್ಮ ಹೋದದ್ದು ಅನ್ನಕುಟ್ಟಿ ಅಮ್ಮಾಯಿಯ ಹತ್ತಿರ. ಅಪ್ಪನ ತಂಗಿ, ಉಲಹನ್ನಾನನ ಮಕ್ಕಳಲ್ಲಿ ಉಳಿದವಳು ಇವಳೊಬ್ಬಳೇ. ಎಂಬತ್ತೇಳು. ಹಲ್ಲಿಲ್ಲ, ನಾಲಿಗೆ ಇದೆ.

"ಹುಲಿಯಾ? ಹಂದಿ ಗುಟುರು ಹಾಕಿದ್ರೆ ಮರ ಹತ್ತೋನು ನಿನ್ನಜ್ಜ." ಮುದುಕಿ ನಕ್ಕ ರಭಸಕ್ಕೆ ಎಲೆಯಡಿಕೆ ರಸ ಗಲ್ಲಕ್ಕಿಳಿಯಿತು. "ಬಂದ ಹತ್ತನೇ ದಿನಕ್ಕೆ ಮಲೇರಿಯಾ ಹಿಡೀತು ನೋಡು. ಮಾತ್ರೆ ತರ್ತೀನಿ ಅಂತ ಬೆಟ್ಟ ಇಳಿದೋನು ಹದಿನಾಲ್ಕು ತಿಂಗಳು ಪತ್ತೆ ಇಲ್ಲ. ತಲಶ್ಶೇರೀಲಿ ಚಾ ಅಂಗಡಿ ಗ್ಲಾಸು ತೊಳೀತಿದ್ದ."

"ಮತ್ತೆ ಗೋಡೇಲಿರೋ ಫೋಟೋ? ಕೊಡಲಿ ಹಿಡ್ಕೊಂಡು ನಿಂತಿರೋದು?"

"ಅಲ್ಲೇ ತೆಗೆಸಿದ್ದು. ಕೊಡಲಿ ಸ್ಟುಡಿಯೋದೋರದ್ದು. ಬೇರೆಯೋರು ಹೂಕುಂಡ ಕೇಳಿದ್ರೆ ಇವನು ಕೊಡಲಿ ಕೇಳ್ದ."

ಕರಡು ೨

ಮೊದಲ ಕರಡು ಒಲೆಗೆ ಹೋಯಿತು (ಅದರ ಒಂದು ಪ್ರತಿ ಕುರ್ಯಾಚ್ಚನ್ ಹತ್ತಿರವೇ ಉಳಿಯಿತು, ಮರೆಯಬೇಡಿ). ಈಗ ನಾಯಕಿ ಅಜ್ಜಿ ಏಲಿ. ಗಂಡ ಓಡಿಹೋದ ಮೇಲೆ ಒಂಟಿಯಾಗಿ ಕಾಡು ಕಡಿದಳು, ಮರಗೆಣಸು ನೆಟ್ಟಳು, ಮೂರು ಮಕ್ಕಳ ಹೊಟ್ಟೆ ಹೊರೆದಳು. ಮೂಲೆಗೆ ತಳ್ಳಿದ ಹೆಣ್ಣಿಗೆ ಕೊನೆಗೂ ನ್ಯಾಯ! ಓದುಗರೇ, ನಿಮಗೂ ಈಗ ಹಾಯೆನಿಸಿರಬೇಕು. ಈ ಕಾಲಕ್ಕೆ ಅಳತೆ ಕೊಟ್ಟು ಹೊಲಿಸಿದಂಥ ಕಥೆ. ಇಲ್ಲಿಗೇ ನಿಲ್ಲಿಸಿದ್ದರೆ ಯಾವುದಾದರೂ ಬಹುಮಾನವೂ ಬರುತ್ತಿತ್ತು.

ತ್ರೇಸ್ಯಾಮ್ಮ ಹಿಗ್ಗಿನಿಂದ ಅಮ್ಮಾಯಿಗೆ ಓದಿ ಹೇಳಿದರು. ಮುದುಕಿ ಜಗಿಯುವುದನ್ನು ನಿಲ್ಲಿಸಿದಳು.

"ಯಾವ ಕಾಡೇ?"

"ಅಜ್ಜಿ ಕಡಿದ ಕಾಡು, ಅಮ್ಮಾಯಿ."

"ಅಲ್ಲಿ ಕಾಡೆಲ್ಲಿತ್ತು? ಅದು ಚಿರುತಳ ಕುಮರಿ ಹೊಲ. ರಾಗಿ ಹಾಕ್ತಿದ್ಲು. ಅವಳ ಅಜ್ಜನ ಕಾಲದಿಂದ ಅವರ ಜನ, ಈ ಬೆಟ್ಟದ ಕರಿಂಪಾಲರು, ಅಲ್ಲಿ ಬೆಳೀತಿದ್ದದ್ದು."

ಆಮೇಲೆ ಅವಳು ಹೇಳಿದ್ದನ್ನು ಸುಮ್ಮನೆ ಹೇಳುತ್ತೇನೆ. ನನ್ನ ಕುಚೋದ್ಯ ಇಲ್ಲಿ ಬೇಡ.

ಏಲಿಯನ್ನೂ ಜ್ವರ ಮಲಗಿಸಿತು. ಚಿರುತ ಬಂದು ನಾಲ್ಕು ಜನರನ್ನೂ ತನ್ನ ಗುಡಿಸಲಿಗೆ ಕರೆದೊಯ್ದಳು. ಕಹಿ ಕಷಾಯ ಕುಡಿಸಿದಳು, ಮೂರು ತಿಂಗಳು ರಾಗಿ ಗಂಜಿ ಹಾಕಿದಳು. ಏಲಿ ಎದ್ದು ಓಡಾಡುವಂತಾದಾಗ ತನ್ನ ಹೊಲದ ಒಂದು ಅಂಚು ತೋರಿಸಿ, ಗೆಣಸು ನೆಟ್ಟುಕೋ ಅಂದಳು. ಗೆಣಸು ಕೀಳುವ ಹೊತ್ತಿಗೆ ಉಲಹನ್ನಾನ್ ಪ್ರತ್ಯಕ್ಷನಾದ. ಕೈಯಲ್ಲಿ ಜಮೀನ್ದಾರನ ಕಾರ್ಯಸ್ಥ ಬರೆದುಕೊಟ್ಟ ಕಾಗದವಿತ್ತು. ಕಾಗದದಲ್ಲಿ ಅಂಚು ಮಾತ್ರವಲ್ಲ, ಇಡೀ ಹೊಲ ಇತ್ತು.

"ಹಾಗಾದ್ರೆ ಅಜ್ಜ ಬೇಲಿ ಹಾಕಿದ ಅಂತ ಬರೀತೀನಿ," ಅಂದರು ತ್ರೇಸ್ಯಾಮ್ಮ. ಧ್ವನಿಯಲ್ಲಿ ಅಜ್ಜಿಯನ್ನಾದರೂ ಉಳಿಸಿಕೊಳ್ಳುವ ಆಸೆ.

"ಅವನಿಗೆ ಗೂಟ ನೆಡೋಕೂ ಬರ್ತಿರ್ಲಿಲ್ಲ. ಬೇಲಿ ಹಾಕಿದ್ದು ಅಮ್ಮ. ಚಿರುತ ರಾಗಿ ಕೊಯ್ಯೋಕೆ ಬಂದಾಗ ನಾಯಿ ಬಿಡಿಸಿದ್ದೂ ಅಮ್ಮನೇ." ಮುದುಕಿ ತನ್ನ ಕೈಗಳನ್ನು ನೋಡಿಕೊಂಡಳು. "ಹಗ್ಗ ಬಿಚ್ಚಿದ್ದು ನಾನು. ಏಳು ವರ್ಷ ನಂಗೆ. ಬಿಚ್ಚೇ ಅಂದ್ಲು, ಬಿಚ್ಚಿದೆ. ಚಿರುತ ಅಮ್ಮನ್ನ ಬಯ್ಲಿಲ್ಲ ತ್ರೇಸ್ಯ. ನನ್ನ ಹೆಸರು ಹಿಡಿದು ಕೂಗಿದ್ಲು. ನಾನು ಅವಳ ಮಡಿಲಲ್ಲೇ ಮಲಗ್ತಿದ್ದೆ, ಅದಕ್ಕೆ."

ಕರಡು ೩

ಇದನ್ನು ಕುರ್ಯಾಚ್ಚನ್ ನಿಂತೇ ಓದಿದ.

"ಇದೇನು ಕುಟುಂಬ ಚರಿತ್ರೆಯಾ, ಪೊಲೀಸ್ ಕಂಪ್ಲೇಂಟಾ?"

"ಅಮ್ಮಾಯಿ ಹೇಳಿದ್ದು ಅಚ್ಚಾಯ."

"ಅಮ್ಮಾಯಿಗೆ ಬೆಳಿಗ್ಗೆ ತಿಂದಿದ್ದು ನೆನಪಿರಲ್ಲ."

"ಇದು ನೆನಪಿದೆ."

"ನೋಡು, ನಾಳೆ ನನ್ನ ಮೊಮ್ಮಕ್ಕಳು ಇದನ್ನ ಓದಿದ್ರೆ?"

"ಓದ್ಲಿ ಅಂತ್ಲೇ ಅಲ್ವಾ ಬರೆಸಿದ್ದು?"

ಕುರ್ಯಾಚ್ಚನ್ ಹಾಳೆಗಳನ್ನು ಅವರ ಕೈಗೇ ವಾಪಸ್ ತುರುಕಿದ. ಮುಂದಿನ ತಿಂಗಳು ಒಂದನೇ ಕರಡನ್ನೇ ಗ್ಲಾಸಿ ಪೇಪರಿನಲ್ಲಿ ಅಚ್ಚು ಹಾಕಿಸಿದ. ಲೇಖಕಿ: ತ್ರೇಸ್ಯಾಮ್ಮ ಟೀಚರ್. ಹುಲಿಗಳು: ಮೂರು.

ಇಲ್ಲಿ ನಿಮಗೆ ಅಂತ್ಯಗಳು ಬೇಕಾಗುತ್ತವೆ. ಬಿಡುಗಡೆಯ ವೇದಿಕೆ ಹತ್ತಿ ಟೀಚರ್ ಸತ್ಯ ಸಿಡಿಸಿದರು, ಸಭೆ ತತ್ತರಿಸಿತು: ಛೆ, ಸಿನಿಮಾ. ಬಿರಿಯಾನಿ ತಿಂದು ಸುಮ್ಮನಾದರು: ನಂಬಬಹುದು, ಆದರೆ ನಡೆದದ್ದು ಅದಲ್ಲ. ಆ ದಿನ ಅವರು ಸಭೆಗೇ ಹೋಗಲಿಲ್ಲ. ಮೂರನೇ ಕರಡನ್ನು ಎದೆಗವಚಿಕೊಂಡು ಬಂಡೆಯಾಚೆಯ ಕರಿಂಪಾಲರ ಕಾಲನಿಗೆ, ಚಿರುತಳ ಮೊಮ್ಮಗಳು ಓಮನಳ ಮನೆಗೆ ಹೋದರು.

ಓಮನ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದಳು. ಟೀಚರ್ ಬೆಂಚಿನ ಮೇಲೆ ಕೂತು ಅಷ್ಟನ್ನೂ ಓದಿದರು. ನಾಯಿಯ ಭಾಗ ಬಂದಾಗಲೂ ಓಮನಳ ಕೈ ಮೆಣಸು ಹರಡುತ್ತಲೇ ಇತ್ತು.

"ನಮಗೆ ಗೊತ್ತಿರೋದೇ, ಟೀಚರೇ."

"ನಿಮ್ಮಜ್ಜಿ ಹೆಸರು ಹಾಕಿ ಬೇರೆ ಪುಸ್ತಕ ಮಾಡಿಸ್ತೀನಿ ಓಮನ. ನೀನು ಒಪ್ಪಿದ್ರೆ."

"ನಮ್ಮಜ್ಜಿಗೆ ನಿಮ್ಮ ಪುಸ್ತಕದಲ್ಲಿ ಜಾಗ ಕೊಡ್ತೀರಾ?" ಓಮನ ನಕ್ಕಳು. "ಜಾಗದ ವಿಷಯದಲ್ಲಿ ನಿಮ್ಮೋರದ್ದು ದೊಡ್ಡ ಕೈ."

ಟೀಚರ್ ಹಾಳೆಗಳನ್ನು ಮಡಚತೊಡಗಿದರು.

"ನಾಲ್ಕನೇ ಕ್ಲಾಸಲ್ಲಿ ನೀವು ನಮ್ಮೂರು ಅಂತ ಪ್ರಬಂಧ ಬರೆಸಿದ್ರಿ, ನೆನಪಿದ್ಯಾ? ಬೋರ್ಡ್ ಮೇಲೆ ಮೊದಲನೇ ಸಾಲು ನೀವೇ ಬರೆದ್ರಿ: ಮೊದಲು ಇಲ್ಲಿ ಬರೀ ಕಾಡು, ಮೃಗಗಳು ಇದ್ದವು. ನಾನು ಹಾಗೇ ಬರೆದೆ. ಅಜ್ಜಿ ಆಗ ಬದುಕಿದ್ಲು. ಓದೇ ಅಂದ್ಲು, ಓದಿ ಹೇಳಿದೆ."

"ನಿಮ್ಮಜ್ಜಿ ಏನಂದ್ರು?"

"ನೀವೆಷ್ಟು ಮಾರ್ಕ್ಸ್ ಕೊಟ್ರಿ ಅಂತ ಕೇಳಿದ್ಲು. ಹತ್ತಕ್ಕೆ ಹತ್ತು ಅಂದೆ."

ಓಮನ ಕೈ ಒರೆಸಿಕೊಂಡು ಒಳಗೆ ಹೋದಳು. ಹೋಗಿ ಅನ್ನಲಿಲ್ಲ, ಕೂತಿರಿ ಅಂತಲೂ ಅನ್ನಲಿಲ್ಲ. ಚಾ ಕಾಸಲು ಒಲೆ ಹೊತ್ತಿಸಿದ ಸದ್ದೋ, ಬಾಗಿಲು ಎಳೆದುಕೊಂಡ ಸದ್ದೋ, ಏನೋ ಒಂದು ಕೇಳಿಸಿತು. ಯಾವುದೆಂದು ನಾನು ಹೇಳಲಾರೆ. ತ್ರೇಸ್ಯಾಮ್ಮನಿಗೂ ತಿಳಿಯಲಿಲ್ಲ. ಎದ್ದು ಹೋಗುವುದಕ್ಕೆ ಅವರಿಗೆ ಧೈರ್ಯ ಬರಲಿಲ್ಲ.